ಕೋಲಾರದ ಬಿಸಿಲಿಗೆ ಯಾವ ಬೇಲಿ: ಡುರಾಂಟಾ, ತಂಗಡಿ, ಆಡುಸೋಗೆ

ಕೋಲಾರದಲ್ಲಿ ಮನೆ ಮುಂದೆ ಗಿಡ ಹಾಕುವವರು ಮೊದಲು ನೀರಿನ ಲೆಕ್ಕ ಹಾಕಬೇಕು. ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ ನಮ್ಮದು. ಬೋರು ಕೈಕೊಟ್ಟರೆ ಟ್ಯಾಂಕರೇ ಗತಿ. ಅದಕ್ಕೇ ಗೇಟಿನ ಪಕ್ಕ ನರ್ಸರಿಯ ಡುರಾಂಟಾ, ರಸ್ತೆ ಬದಿಗೆ ತಂಗಡಿ, ಹಿಂದುಗಡೆ ಆಡುಸೋಗೆ ಹಾಕಿ ನೋಡಿದೆ.

ನೋಡೋಕೆ ಡುರಾಂಟಾನೇ ಚೆಂದ. ಹೊಳೆಯುವ ಹಳದಿ ಎಲೆ, ಕತ್ತರಿ ಹಾಕಿದಷ್ಟೂ ದಟ್ಟವಾಗುತ್ತದೆ. ಆದರೆ ಏಪ್ರಿಲ್‌ನಲ್ಲಿ ನೀರು ತಪ್ಪಿತೋ, ಎಲೆಯಂಚು ಸುಟ್ಟು ಕಂದಾಗುತ್ತದೆ. ಕತ್ತರಿಸದೆ ಬಿಟ್ಟರೆ ಕಡ್ಡಿ ರಸ್ತೆಗೆ ಚಾಚುತ್ತದೆ. ಆಮೇಲೆ ಬಿಡುವ ಹಳದಿ ಹಣ್ಣು ವಿಷ, ಮಕ್ಕಳಿರುವ ಮನೆಯವರು ಹುಷಾರು.

ತಂಗಡಿ ಶುರುವಿನಲ್ಲೇ ಸತಾಯಿಸುತ್ತದೆ. ನಾನು ಕೇಳಿದ ನರ್ಸರಿಗಳಲ್ಲಿ ಸಸಿ ಇರಲಿಲ್ಲ. 'ಅದನ್ನ ಯಾರು ದುಡ್ಡು ಕೊಟ್ಟು ತಗೊಳ್ತಾರೆ ಸಾರ್' ಅಂತ ನಕ್ಕರು. ಹೊಲದ ಬದುವಿನಿಂದ ಒಣಗಿದ ಕಾಯಿ ತಂದೆ. ಬೀಜದ ಸಿಪ್ಪೆ ಬಲು ಗಟ್ಟಿ. ಬಿಸಿನೀರಿಗೆ ಹಾಕಿ ರಾತ್ರಿಯೆಲ್ಲಾ ನೆನೆಸಿದ್ದು ಚೆನ್ನಾಗಿ ಹುಟ್ಟಿತು, ಸುಮ್ನೆ ಬಿತ್ತಿದ್ದು ಅಲ್ಲೊಂದು ಇಲ್ಲೊಂದು. ಮೊದಲ ಬೇಸಿಗೆ ನೀರು ಹಾಕಲೇಬೇಕು. ನಾಡಗಿಡ ಅಂದಮಾತ್ರಕ್ಕೆ ನೆಟ್ಟ ದಿನದಿಂದಲೇ ತಾನಾಗಿ ಬದುಕುತ್ತದೆ ಅಂದುಕೊಂಡವರೇ ಜಾಸ್ತಿ. ಬೇರು ಇಳಿಯಬೇಕು, ಅಲ್ವಾ? ಮುಂದಿನ ಬೇಸಿಗೆಗೆ ನಾನು ಪೈಪು ಹಿಡಿಯಲಿಲ್ಲ. ಆದರೂ ಗೊಂಚಲು ಗೊಂಚಲು ಹಳದಿ ಹೂ.

ದನ, ಮೇಕೆ ಇದಕ್ಕೆ ಬಾಯಿ ಹಾಕುವುದು ಕಮ್ಮಿ. ಬೀದಿ ದನಗಳಿರುವ ಊರಲ್ಲಿ ಇದು ಸಣ್ಣ ಲಾಭವೇನಲ್ಲ. ತಿನ್ನುವುದು ಹಸಿರು ಹುಳ. ಎಲೆಯ ನಡುನರಕ್ಕೆ ಅಂಟಿಕೊಂಡು ಎಲೆಯ ಬಣ್ಣದಲ್ಲೇ ಇರುತ್ತದೆ, ಕೆಳಗೆ ಉದುರಿದ ಕಪ್ಪು ಹಿಕ್ಕೆ ನೋಡಿಯೇ ಪತ್ತೆ ಮಾಡಬೇಕು. ಹಳದಿ ಚಿಟ್ಟೆಯ ಮರಿ ಅದು. ಔಷಧಿ ಹೊಡೆಯಬೇಡಿ, ಎಲೆ ಮತ್ತೆ ಚಿಗುರುತ್ತದೆ. ಗೆರೆ ಎಳೆದಂಥ ಬೇಲಿಯೇ ಬೇಕೆಂದರೆ ಮಾತ್ರ ತಂಗಡಿ ಬೇಡ. ಬುಡ ಬೋಳು, ತಲೆ ಕೆದರಿದ ಗಿಡ.

ಆಡುಸೋಗೆಯ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಕಡ್ಡಿ ಚುಚ್ಚಿದರೆ ಬರುತ್ತದೆ, ಅರೆನೆರಳಿಗೂ ಸೈ, ಮೇಕೆ ಮೂಸಿ ಮುಂದೆ ಹೋಗುತ್ತದೆ. ಕೆಮ್ಮಿಗೆ ಅಂತ ಅಕ್ಕಪಕ್ಕದವರು ಸೊಪ್ಪು ಕೇಳಿಕೊಂಡು ಬರುತ್ತಾರೆ, ಅದು ಬೇರೆ.

ಬೇಲಿಯ ಬದಲು ಕೋನೋಕಾರ್ಪಸ್ ಅನ್ನೋ ಹೊರದೇಶದ ಮರದ ಸಾಲು ಹಾಕಿ ಅಂತ ಸಲಹೆ ಕೊಟ್ಟವರೂ ಇದ್ದರು. ಬೇಗ ಬೆಳೆಯುತ್ತದೆ, ಸದಾ ಹಸಿರು, ನಿಜ. ಆದರೆ ಅದರ ಬೇರು ನೀರು ಹುಡುಕಿಕೊಂಡು ಚರಂಡಿ, ಪೈಪಿಗೆ ನುಗ್ಗುತ್ತದೆ. ಗುಜರಾತ್ ಸರ್ಕಾರ 2023ರಲ್ಲಿ ಇದನ್ನು ನೆಡಬಾರದೆಂದು ನಿಷೇಧಿಸಿತು. ನಾನು ಆ ಸಹವಾಸಕ್ಕೇ ಹೋಗಲಿಲ್ಲ. ನೆರಳಿಗೆ ಗೋಡೆಯಿಂದ ದೂರದಲ್ಲಿ ಒಂದು ಹೊಂಗೆ ಇದೆ. ಬೇಸಿಗೆಯಲ್ಲಿ ಹೂ ಉದುರಿಸಿ ಅಂಗಳ ತುಂಬಿಸುತ್ತದೆ, ದಿನಾ ಗುಡಿಸಬೇಕು.

ಈಗ ರಸ್ತೆ ಬದಿಗೆ ತಂಗಡಿ, ಹಿಂದಕ್ಕೆ ಆಡುಸೋಗೆ ಖಾಯಂ. ಗೇಟಿನ ಪಕ್ಕದ ಡುರಾಂಟಾ ಮಾತ್ರ ಮನೆಯವರ ಒತ್ತಾಯಕ್ಕೆ ಉಳಿದಿದೆ, ಪಾತ್ರೆ ತೊಳೆದ ನೀರಲ್ಲಿ.