ನಕ್ಷೆಯಲ್ಲಿ ಹಸಿರಿದೆ ಅಂತ ಕಾಡಿನ ಮೇಲೆ ಡ್ರೋನ್ ಎಬ್ಬಿಸಬೇಡಿ

ಕುದುರೆಮುಖಕ್ಕೋ ಕುಮಾರಪರ್ವತಕ್ಕೋ ಬ್ಯಾಗಿನಲ್ಲಿ ಡ್ರೋನ್ ಇಟ್ಟುಕೊಂಡು ಹೊರಟಿದ್ದೀರಾ? ಮೊದಲು ಇದನ್ನು ಓದಿ. ಸಿಕ್ಕಿಬಿದ್ದವರು ಸಾಮಾನ್ಯವಾಗಿ ಹೇಳುವುದು, ‘ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ತೋರಿಸ್ತಿತ್ತಲ್ಲ!’ ತೋರಿಸಿರಬಹುದು. ಡಿಜಿಟಲ್ ಸ್ಕೈ ಎಂದರೆ ಡ್ರೋನ್ ಎಲ್ಲಿ ಹಾರಿಸಬಹುದೆಂದು ತೋರಿಸುವ ವಿಮಾನಯಾನ ಇಲಾಖೆಯ ನಕ್ಷೆ. ಆ ಹಸಿರು 2021ರ ಡ್ರೋನ್ ನಿಯಮದ್ದು, 400 ಅಡಿವರೆಗೆ ವಿಮಾನಯಾನದವರ ತಕರಾರಿಲ್ಲ ಎಂದಷ್ಟೇ ಅರ್ಥ. ಕೆಳಗಿನ ಕಾಡಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇರೆಯೇ ಇದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಚಿತ್ರೀಕರಣಕ್ಕೆ ಮುಖ್ಯ ವನ್ಯಜೀವಿ ಪಾಲಕರ ಅನುಮತಿ ಪತ್ರ ಬೇಕು. ಚಾರಣದ ಟಿಕೆಟ್ ಆ ಅನುಮತಿಯಲ್ಲ. ಗೇಟಿನಲ್ಲಿ ಯಾರೋ ‘ಸ್ವಲ್ಪ ಹೊತ್ತು ಹಾರಿಸ್ಕೊಳ್ಳಿ ಸಾರ್’ ಅಂದದ್ದಂತೂ ಅಲ್ಲವೇ ಅಲ್ಲ.

249 ಗ್ರಾಂ ಲೆಕ್ಕವೂ ಇಲ್ಲಿ ನಡೆಯದು. 250 ಗ್ರಾಂವರೆಗಿನ ನ್ಯಾನೊ ಡ್ರೋನಿಗೆ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಡ, ನಿಜ. ಕಾಡಿನ ಕಾನೂನು ತೂಕ ನೋಡುವುದಿಲ್ಲ. (ಪ್ರೊಪೆಲ್ಲರ್ ಗಾರ್ಡ್ ಸಿಕ್ಕಿಸಿದರೆ ಆ 250ರ ಗೆರೆಯೂ ದಾಟುತ್ತದೆ.)

ಹಕ್ಕಿಗಳ ಗೂಡಿನ ಕಾಲದಲ್ಲಿ ಇದು ಬರೀ ದಂಡದ ಮಾತಲ್ಲ. 2021ರ ಮೇನಲ್ಲಿ ಕ್ಯಾಲಿಫೋರ್ನಿಯಾದ ಬೋಲ್ಸಾ ಚಿಕಾದಲ್ಲಿ ಒಂದು ಡ್ರೋನ್ ಬಿದ್ದದ್ದಕ್ಕೆ ಸುಮಾರು 3,000 ಟರ್ನ್ ಹಕ್ಕಿಗಳು ಮೊಟ್ಟೆ ಬಿಟ್ಟು ಹೊರಟುಹೋದವು. ರಾಮದೇವರ ಬೆಟ್ಟದ ಬಂಡೆಯಲ್ಲಿ ರಣಹದ್ದುಗಳು ಗೂಡು ಕಟ್ಟುತ್ತವೆ, ನೆನಪಿರಲಿ.

ದೊಡ್ಡ ಎಡವಟ್ಟಾಗುವುದು ಮಾತ್ರ ‘ನಾವು ಗಡಿಯ ಹೊರಗೇ ಇದ್ದೇವೆ’ ಎನ್ನುವವರಿಗೆ. ಹೋಂಸ್ಟೇ ಅಂಗಳದಿಂದ ಎಬ್ಬಿಸುತ್ತಾರೆ, ಎದುರಿನ ಗುಡ್ಡ ದಾಟಿಸಿ ಆಚೆ ಕಣಿವೆಗೆ ಇಳಿಸುತ್ತಾರೆ. ಗುಡ್ಡದ ಮರೆಯಾದೊಡನೆ ಸಿಗ್ನಲ್ ಕಡಿಯುತ್ತದೆ, ಡ್ರೋನ್ ತಾನಾಗಿ ಮನೆಕಡೆ ತಿರುಗುತ್ತದೆ. ‘ರಿಟರ್ನ್ ಟು ಹೋಮ್’ ಎತ್ತರ 60 ಮೀಟರ್ ಇಟ್ಟಿದ್ದರೆ ಅದು ಹೊರಟ ಅಂಗಳದಿಂದ ಅಳೆದ 60, ಗುಡ್ಡದ ತಲೆಯಿಂದಲ್ಲ. ಗುಡ್ಡ 80 ಮೀಟರ್ ಇದ್ದು, ಅಡ್ಡಿ ಗುರುತಿಸುವ ಸೆನ್ಸರ್ ಇಲ್ಲದಿದ್ದರೆ ನೇರ ಹೋಗಿ ಶೋಲಾ ಮರಕ್ಕೆ ಬಡಿಯುತ್ತದೆ. ಮರಕ್ಕೆ ಬಡಿಯದಿದ್ದರೂ ನೆತ್ತಿಯ ಎದುರುಗಾಳಿಗೆ ಬ್ಯಾಟರಿ ಬತ್ತಿ ದಾರಿಯಲ್ಲೇ ಇಳಿಯಬಹುದು.

ಬಿದ್ದದ್ದನ್ನು ಹುಡುಕಿಕೊಂಡು ಒಳಗೆ ನುಗ್ಗಬೇಡಿ. ಅನುಮತಿಯಿಲ್ಲದ ಪ್ರವೇಶ ಇನ್ನೊಂದು ಅಪರಾಧ, ವನ್ಯಜೀವಿ ಕಾಯ್ದೆಯ 27ನೇ ಕಲಂ. ಆನೆಗಳಿರುವ ಕಾಡಾದರೆ ಕಲಂ ಆಮೇಲಿನ ಮಾತು. ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಬಿದ್ದ ಜಾಗ ತಿಳಿಸಿ. 2022ರ ತಿದ್ದುಪಡಿಯ ನಂತರ ಈ ಕಾಯ್ದೆಯಡಿ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಡ್ರೋನ್ ಜಪ್ತಿ ಬೇರೆ. ಸಾಕ್ಷಿ ಹುಡುಕುವ ಕಷ್ಟವೂ ಇಲಾಖೆಗಿಲ್ಲ, ಜಾಗದ ಹೆಸರು ಹಾಕಿ ರೀಲ್ಸ್ ಬಿಟ್ಟಿರುತ್ತೀರಲ್ಲ.