ಎರಡು ಮ್ಯಾಕ್, ಒಂದು ಅಟ್ಮಾಸ್ ರೂಮು: ಡಾಂಟೆ ವರ್ಚುವಲ್ ಸೌಂಡ್‌ಕಾರ್ಡ್ ಬಳಸಿ ನೋಡಿದ್ದು
ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೊ ಇದೆ. ಭಕ್ತಿಗೀತೆ, ಜಾನಪದದ ಕೆಲಸವೇ ಜಾಸ್ತಿ. ಈಗೀಗ ಅಟ್ಮಾಸ್ ಮಿಕ್ಸ್, ಅಂದರೆ ಸುತ್ತಲಿಂದಲೂ ಮೇಲಿನಿಂದಲೂ ಶಬ್ದ ಕೇಳಿಸುವ ಡಾಲ್ಬಿ ಮಿಕ್ಸ್ ಕೂಡ ಕೇಳುತ್ತಾರೆ. ರೆಕಾರ್ಡಿಂಗ್, ಮಿಕ್ಸಿಂಗ್ ಮಾಡುವ ಪ್ರೊ ಟೂಲ್ಸ್ ಸಾಫ್ಟ್‌ವೇರ್ ಒಂದು ಮ್ಯಾಕ್‌ನಲ್ಲಿ, ಆ ಮಿಕ್ಸನ್ನು ಸ್ಪೀಕರುಗಳಿಗೆ ಹಂಚಿಕೊಡುವ ಡಾಲ್ಬಿ ಅಟ್ಮಾಸ್ ರೆಂಡರರ್ ಇನ್ನೊಂದರಲ್ಲಿ. ನಡುವೆ ನೆಟ್‌ವರ್ಕ್ ಕೇಬಲ್ ಮೇಲೆ ಆಡಿಯೊ ಸಾಗಿಸುವುದು ಆಡಿನೇಟ್ ಕಂಪನಿಯ ಡಾಂಟೆ ವರ್ಚುವಲ್ ಸೌಂಡ್‌ಕಾರ್ಡ್ ಅನ್ನುವ ಸಾಫ್ಟ್‌ವೇರ್.

ಮೊದಲೇ ಹೇಳಿಬಿಡುತ್ತೇನೆ, ಇದು ಎಲ್ಲರಿಗೂ ಬೇಕಿಲ್ಲ. ಪ್ರೊ ಟೂಲ್ಸ್ 2023.12ರಿಂದ ರೆಂಡರರ್ ಅದರ ಒಳಗೇ ಬಂದಿದೆ. ಚಿಕ್ಕ ಹಾಡಿಗೆ ಅಷ್ಟು ಸಾಕು. ಪ್ಲಗಿನ್ ತುಂಬಿದ ಸೆಷನ್ ಇದ್ದು, ರೆಂಡರಿಂಗ್ ಹೊರೆಯನ್ನು ಬೇರೆ ಕಂಪ್ಯೂಟರಿಗೆ ಕೊಡಬೇಕು ಅನ್ನುವವರಿಗೆ ಇದು.

ನಮ್ಮ ಲೈಸೆನ್ಸ್‌ನಲ್ಲಿ ಹೋಗಲು 64, ಬರಲು 64 ಚಾನೆಲ್ ಸಿಗುತ್ತವೆ. ರೆಂಡರರ್ ತೆಗೆದುಕೊಳ್ಳುವುದು 128. ಅಂದರೆ ಅರ್ಧ. ಜಾಗ ಬದಲಿಸದ ಶಬ್ದಗಳ 7.1.2 ಬೆಡ್‌ಗೆ 10, ಎರಡೂ ಕಂಪ್ಯೂಟರುಗಳ ಸಮಯ ಹೊಂದಿಸುವ ಎಲ್‌ಟಿಸಿ ಟೈಮ್‌ಕೋಡ್‌ಗೆ 1 ತೆಗೆದರೆ 53 ಆಬ್ಜೆಕ್ಟ್, ಅಂದರೆ ಬೇಕಾದ ಕಡೆ ಇಟ್ಟು ತಿರುಗಿಸಬಹುದಾದ ಶಬ್ದಗಳು ಉಳಿಯುತ್ತವೆ. ವೀರಗಾಸೆ ರೆಕಾರ್ಡಿಂಗ್‌ಗೆ ಅದೇ ಧಾರಾಳ. ಕರಡೆ, ಸಂಬಾಳ ಬೆಡ್‌ನಲ್ಲಿ ಇಟ್ಟೆ. ಒಡಪು ಹೇಳುವವರ ದನಿಯನ್ನು ಆಬ್ಜೆಕ್ಟ್ ಮಾಡಿ ಕೇಳುವವರ ಸುತ್ತ ತಿರುಗಿಸಿದೆ. ಆ ದನಿ ಬೆನ್ನ ಹಿಂದಿನಿಂದ ಬಂದಾಗ ಕುಣಿತದ ನಡುವೆ ನಿಂತಂತೆ ಆಯಿತು. ಇಷ್ಟೂ ಕೆಲಸ ಒಂದು ಗಿಗಾಬಿಟ್ ಸ್ವಿಚ್ ಮೇಲೆ! ಸ್ಪೀಕರಿಗೆ ಹೋಗುವ 7.1.4ರ 12 ಚಾನೆಲ್ ಕೂಡ ಅದೇ ನೆಟ್‌ವರ್ಕ್‌ನಲ್ಲಿ ಡಾಂಟೆ ಇಂಟರ್‌ಫೇಸ್‌ಗೆ ಹೋಗುತ್ತವೆ.

ಒಂದು ವಿಷಯ ಗಮನದಲ್ಲಿರಲಿ. ಡಾಂಟೆ ಒಯ್ಯುವುದು ಆಡಿಯೊ ಮಾತ್ರ. ಆಬ್ಜೆಕ್ಟ್ ಎಲ್ಲಿದೆ ಅನ್ನುವ ಮಾಹಿತಿಯನ್ನು ಪ್ರೊ ಟೂಲ್ಸ್ ರೆಂಡರರ್‌ನ ಐಪಿ ವಿಳಾಸಕ್ಕೆ ಬೇರೆಯಾಗಿಯೇ ಕಳಿಸುತ್ತದೆ. ಶಬ್ದ ಬರುತ್ತಿದ್ದರೂ ದನಿ ಜಾಗ ಬದಲಿಸುತ್ತಿಲ್ಲ ಅಂದರೆ ಪ್ರೊ ಟೂಲ್ಸ್‌ನ ಪೆರಿಫೆರಲ್ಸ್‌ನಲ್ಲಿ ಅಟ್ಮಾಸ್ ಪುಟ ತೆರೆದು ನೋಡಿ.

ತಲೆನೋವು ಕೊಟ್ಟಿದ್ದು ಸ್ವಿಚ್. ಇಲ್ಲಿನ ಒಂದು ಅಂಗಡಿಯವರು "ಇದೇ ಒಳ್ಳೇದು ಸಾರ್" ಅಂತ ಕೊಟ್ಟ ಸ್ವಿಚ್‌ನಲ್ಲಿ ಕರೆಂಟು ಉಳಿಸುವ ಇಇಇ ಸೌಲಭ್ಯವನ್ನು ಆಫ್ ಮಾಡಲು ದಾರಿಯೇ ಇರಲಿಲ್ಲ. ಹಾಡಿನ ಮಧ್ಯೆ ಟಿಕ್ ಟಿಕ್ ಸದ್ದು. ಇಇಇ ಆಫ್ ಮಾಡಬಹುದಾದ ಮ್ಯಾನೇಜ್ಡ್ ಸ್ವಿಚ್ ತಂದ ಮೇಲೆ ಸದ್ದು ನಿಂತಿತು. ಡಾಂಟೆಗೆ ಕ್ಲಾಕ್, ಅಂದರೆ ಎಲ್ಲ ಸಾಧನಗಳನ್ನೂ ಒಂದೇ ಲಯದಲ್ಲಿಡುವ ಸಮಯದ ಸಂಕೇತ, ನಿಖರವಾಗಿರಬೇಕು. ಇಇಇ ಆ ಕ್ಲಾಕ್ ಸಂದೇಶಗಳನ್ನೇ ತಡ ಮಾಡುತ್ತದೆ. ವೈಫೈ ಅಂತೂ ಬೇಡವೇ ಬೇಡ.

ಲೇಟೆನ್ಸಿಗೆ, ಅಂದರೆ ಶಬ್ದ ತಲುಪಲು ಆಗುವ ತಡಕ್ಕೆ, 4, 6, 10 ಮಿಲಿಸೆಕೆಂಡ್ ಆಯ್ಕೆ ಇವೆ. ಮಿಕ್ಸಿಂಗ್‌ಗೆ ನಾನು 10ರಲ್ಲೇ ಇಡುತ್ತೇನೆ. ಈ ತಡದಿಂದಾಗಿ ಹಾಡುವವರ ಹೆಡ್‌ಫೋನಿಗೆ ಶಬ್ದವನ್ನು ಈ ದಾರಿಯಲ್ಲಿ ಕೊಡುವುದಿಲ್ಲ.

ಕೊಳ್ಳುವವರು ಮೊದಲು ಒಂದು ಡಾಂಟೆ ಹಾರ್ಡ್‌ವೇರ್ ತೆಗೆದುಕೊಳ್ಳಿ, ಸಾಫ್ಟ್‌ವೇರ್ ಆಮೇಲೆ. ಕ್ಲಾಕ್ ಕೊಡುವ ಕೆಲಸ ಆ ಹಾರ್ಡ್‌ವೇರ್‌ನದು. ಎರಡೂ ಕಡೆ ಬರೀ ವರ್ಚುವಲ್ ಸೌಂಡ್‌ಕಾರ್ಡ್ ಹಾಕಿಕೊಂಡರೂ ಆಡಿಯೊ ದಾಟುತ್ತದೆ, ಆದರೆ ಆಗ ಕ್ಲಾಕ್ ಒಂದು ಕಂಪ್ಯೂಟರಿನದಾಗುತ್ತದೆ.