ರಕ್ತದಲ್ಲಿ ಅಪರೂಪದ ಬ್ಯಾಕ್ಟೀರಿಯಾ: ಕಾರ್ಡ್, ಮಾಲ್ಡಿ, ಸೀಕ್ವೆನ್ಸಿಂಗ್ ಪೈಕಿ ಯಾವುದು?

ರೋಗಿಯ ರಕ್ತದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸುವ ಬ್ಲಡ್ ಕಲ್ಚರ್ ಬಾಟಲಿಯಲ್ಲಿ ಇ. ಕೋಲೈ ಬಂದರೆ ಯಾವ ಯಂತ್ರವಾದರೂ ಹೆಸರು ಹೇಳುತ್ತದೆ. ತಲೆನೋವು ಶುರುವಾಗುವುದು ಎಲಿಜಬೆತ್‌ಕಿಂಗಿಯಾದಂಥದ್ದು ಬಂದಾಗ. ಮಣ್ಣು, ನೀರು, ಆಸ್ಪತ್ರೆಯ ಸಿಂಕ್‌ಗಳಲ್ಲಿ ಸುಮ್ನೆ ಇರುವ ಜೀವಿ ಇದು. ದಿನ ತುಂಬದೆ ಹುಟ್ಟಿದ ಮಗುವೋ ಐಸಿಯು ರೋಗಿಯೋ ಸಿಕ್ಕರೆ ರಕ್ತಕ್ಕಿಳಿಯುತ್ತದೆ.

ಬ್ಯಾಕ್ಟೀರಿಯಾದ ಹೆಸರು ಪತ್ತೆ ಮಾಡುವ ಈ ಮೂರೂ ವಿಧಾನ ಬಳಸಿದ್ದೇನೆ. ನನ್ನ ಓಟು ಮಾಲ್ಡಿ-ಟಾಫ್‌ಗೆ.

ಕಾರ್ಡ್ ಯಂತ್ರ ಒಂದು ಪುಟ್ಟ ಕಾರ್ಡಿನಲ್ಲಿ ಬ್ಯಾಕ್ಟೀರಿಯಾಗೆ ಸಕ್ಕರೆ, ಕಿಣ್ವಗಳ ಪರೀಕ್ಷೆ ಮಾಡಿ ಕೆಲವು ಗಂಟೆಗಳಲ್ಲಿ ಉತ್ತರ ಕೊಡುತ್ತದೆ. ಆದರೆ ಅದರ ಪಟ್ಟಿಯಲ್ಲಿ ಇಲ್ಲದ ಬ್ಯಾಕ್ಟೀರಿಯಾ ಬಂದರೆ ಗೊತ್ತಿಲ್ಲ ಅನ್ನುವ ಬದಲು ಹತ್ತಿರದ ನೆಂಟನ ಹೆಸರನ್ನು 99% ಖಾತ್ರಿಯಿಂದ ಹೇಳಿಬಿಡುತ್ತದೆ, ಅದೇ ಅಪಾಯ. ಎಲಿಜಬೆತ್‌ಕಿಂಗಿಯಾ ಅನಾಫೆಲಿಸ್‌ಗೆ ಹೆಸರಿಟ್ಟಿದ್ದೇ 2011ರಲ್ಲಿ, ಸೊಳ್ಳೆಯ ಕರುಳಿನಲ್ಲಿ ಸಿಕ್ಕಾಗ. ಹಳೆಯ ಪಟ್ಟಿಗಳು ಅದನ್ನು ಅದೇ ಕುಲದ ಇನ್ನೊಂದು ಪ್ರಭೇದ ಮೆನಿಂಗೊಸೆಪ್ಟಿಕಾ ಅನ್ನುತ್ತಿದ್ದವು. 2015-16ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹರಡಿದ್ದು ಈ ಅನಾಫೆಲಿಸ್ಸೇ.

ಮಾಲ್ಡಿಯಲ್ಲಿ ಕಾಲನಿಯನ್ನು (ಪ್ಲೇಟಿನ ಮೇಲೆ ಬೆಳೆದ ಬ್ಯಾಕ್ಟೀರಿಯಾದ ಚುಕ್ಕೆಯನ್ನು) ಲೋಹದ ತಟ್ಟೆಗೆ ಸವರಿ, ಮ್ಯಾಟ್ರಿಕ್ಸ್ ಅನ್ನುವ ರಾಸಾಯನಿಕ ಹನಿಸಿ, ಲೇಸರ್ ಹೊಡೆದರೆ ಪ್ರೊಟೀನುಗಳ ತೂಕ ನೋಡಿ ನಿಮಿಷಗಳಲ್ಲಿ ಹೆಸರು ಬರುತ್ತದೆ. ಜೊತೆಗೆ ಸ್ಕೋರೂ ಬರುತ್ತದೆ. ನಾನು ಬಳಸುವುದರಲ್ಲಿ 2.0 ದಾಟಿದರೆ ಪ್ರಭೇದ ನಂಬಬಹುದು, 1.7ರಿಂದ 2.0ರೊಳಗೆ ಕುಲ ಮಾತ್ರ. ಇದೂ ಡೇಟಾಬೇಸ್ ಇದ್ದಷ್ಟೇ ಜಾಣ, ಅಲ್ವಾ? ಮಳೆಗಾಲದಲ್ಲಿ ಉಡುಪಿ, ಮಂಗಳೂರು ಕಡೆಯ ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಬರ್ಖೋಲ್ಡೇರಿಯಾ ಥೈಲ್ಯಾಂಡೆನ್ಸಿಸ್ ಅಂತ ಬಂದರೆ ನಂಬಬೇಡಿ. ಅದು ಮೆಲಿಯಾಯ್ಡೋಸಿಸ್ ಅನ್ನುವ ಗಂಭೀರ ಸೋಂಕು ತರುವ ಅದೇ ಕುಲದ ಸೂಡೊಮ್ಯಾಲಿಯೈ ಇರಬಹುದು. ಅಂಥ ಅನುಮಾನ ಬಂದರೆ ಪ್ಲೇಟನ್ನು ಸೇಫ್ಟಿ ಕ್ಯಾಬಿನೆಟ್ ಹೊರಗೆ ತೆರೆಯಲೇಬೇಡಿ.

16ಎಸ್ ಸೀಕ್ವೆನ್ಸಿಂಗ್ ಬ್ಯಾಕ್ಟೀರಿಯಾದ ಸುಮಾರು 1,500 ಡಿಎನ್ಎ ಅಕ್ಷರದ ಒಂದು ಜೀನ್ ಓದಿ ಹೆಸರು ಹೇಳುತ್ತದೆ. ಎಲ್ಲರೂ ಇದನ್ನೇ ಸುಪ್ರೀಂ ಕೋರ್ಟ್ ಅಂದುಕೊಂಡಿದ್ದಾರೆ. ಆದರೆ ಬರ್ಖೋಲ್ಡೇರಿಯಾ ಸೆಪೇಸಿಯಾ ಗುಂಪಿನೊಳಗಿನ ಪ್ರಭೇದಗಳನ್ನು ಬಿಡಿಸಲು ಇದೂ ಸಾಲದು, ರೆಕ್-ಎ ಜೀನ್ ಓದಬೇಕಾಗುತ್ತದೆ. ಹೊರಗೆ ಕಳಿಸಿದರೆ ದಿನಗಟ್ಟಲೆ ಕಾಯಬೇಕು. ಅಷ್ಟರಲ್ಲಿ ರೋಗಿಗೆ ಔಷಧ ಶುರುವಾಗಿರಬೇಕಲ್ಲ! ಎಲಿಜಬೆತ್‌ಕಿಂಗಿಯಾ ಅನ್ನುವ ಕುಲದ ಹೆಸರೊಂದು ಸಿಕ್ಕರೂ ಕೊಲಿಸ್ಟಿನ್ ಅನ್ನುವ ಆ್ಯಂಟಿಬಯೋಟಿಕ್ ಕೆಲಸ ಮಾಡಲ್ಲ, ಇನ್ನೊಂದು ಆ್ಯಂಟಿಬಯೋಟಿಕ್ ಮೆರೊಪೆನೆಮ್ ಮೇಲೆ ಭರವಸೆ ಇಡುವ ಹಾಗಿಲ್ಲ ಅಂತ ವೈದ್ಯರಿಗೆ ಅವತ್ತೇ ಹೇಳಬಹುದು. ಹಾಗಾಗಿ ನಾನು ಸೀಕ್ವೆನ್ಸಿಂಗ್‌ಗೆ ಕಳಿಸುವುದು ಸ್ಕೋರ್ ಕಡಿಮೆ ಬಂದಾಗ, ಇಲ್ಲವೇ ಒಂದೇ ವಾರ್ಡಿನಲ್ಲಿ ಎರಡನೇ ಕೇಸ್ ಕಂಡಾಗ ಮಾತ್ರ.

ಮಾಲ್ಡಿ ದುಬಾರಿ, ಸಣ್ಣ ಲ್ಯಾಬಿಗೆ ಎಟುಕುವುದಿಲ್ಲ. ಕಾರ್ಡ್ ಮಾತ್ರ ಇದ್ದರೆ ಒಂದು ಕೆಲಸ ಮಾಡಿ: ಗ್ರಾಂ ಬಣ್ಣದ ಪರೀಕ್ಷೆಯಲ್ಲಿ ನೆಗೆಟಿವ್, ಆಕ್ಸಿಡೇಸ್ ಕಿಣ್ವದ ಪರೀಕ್ಷೆಯಲ್ಲಿ ಪಾಸಿಟಿವ್, ಮ್ಯಾಕ್‌ಕಾಂಕಿ ಅನ್ನುವ ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿನ ಮೇಲೆ ಸರಿಯಾಗಿ ಬೆಳೆದಿಲ್ಲ, ಕೊಲಿಸ್ಟಿನ್‌ಗೂ ಬಗ್ಗುತ್ತಿಲ್ಲ ಅಂದರೆ ಕಾರ್ಡ್ ಹೇಳಿದ ಹೆಸರನ್ನು ರಿಪೋರ್ಟಿಗೆ ಹಾಕುವ ಮೊದಲು ಮಾಲ್ಡಿ ಇರುವ ಹತ್ತಿರದ ಮೆಡಿಕಲ್ ಕಾಲೇಜಿಗೆ ಕಳಿಸಿ.